ವಾಸ್ಕೋ ಡ ಗಾಮ ತೆರೆದದ್ದು ಏನನ್ನು?

ಬಳ್ಳಾರಿಯ ರೈಲು ನಿಲ್ದಾಣದಲ್ಲಿ ವಾರದ ಕೆಲವು ದಿನ ಬಂದು ನಿಲ್ಲುವ ಅಮರಾವತಿ ಎಕ್ಸ್‌ಪ್ರೆಸ್‌ನ ಬೋಗಿಗಳ ಮೇಲೆ ಅವನ ಹೆಸರಿದೆ. ಬಂಗಾಳದ ಕಡೆಯಿಂದ ಹೊರಟು ಗುಂತಕಲ್ಲು ದಾಟಿ ಬರುವ ಈ ಗಾಡಿ ಹೊಸಪೇಟೆ, ಗದಗ, ಹುಬ್ಬಳ್ಳಿಗಳ ಮೂಲಕ ಹಾದು ಗೋವೆಯ ವಾಸ್ಕೋ ಡ ಗಾಮ ಎಂಬ ಊರನ್ನು ಸೇರುತ್ತದೆ. ಅದೇ ಹಳಿಯ ಮೇಲೆ ಮುರ್ಮುಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಬರುತ್ತದೆ. ಒಂದು ಕಾಲಕ್ಕೆ ನಮ್ಮ ಸಂಡೂರು, ಹೊಸಪೇಟೆಗಳ ಅದಿರು ಅದೇ ದಾರಿಯಲ್ಲಿ ಹಡಗನ್ನು ಸೇರುತ್ತಿತ್ತು. ಸಮುದ್ರವನ್ನೇ ಕಾಣದ ಈ ಬಯಲು ಸೀಮೆಯ ಊರಿನಲ್ಲಿ ಒಬ್ಬ ಪೋರ್ಚುಗೀಸ್ ನಾವಿಕನ ಹೆಸರನ್ನು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಕೂಗಿ ಹೇಳುವಾಗ ಯಾರೂ ತಲೆಯೆತ್ತಿ ನೋಡುವುದಿಲ್ಲ. ಅದು ಒಂದು ಊರಿನ ಹೆಸರಾಗಿಬಿಟ್ಟಿದೆ.

ನಾನು ಹುಟ್ಟಿದ್ದು ಕುರುಗೋಡಿನಲ್ಲಿ. ಬಳ್ಳಾರಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸದ ಮೇಷ್ಟ್ರಾಗಿದ್ದೆ. ಆ ಮೂವತ್ತು ವರ್ಷವೂ ಜುಲೈ ತಿಂಗಳಲ್ಲಿ ನಾನು ಬರೆಸುತ್ತಿದ್ದ ಟಿಪ್ಪಣಿಯಲ್ಲಿ ಒಂದು ಸಾಲು ಬದಲಾಗಲಿಲ್ಲ: 1498ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಸಮುದ್ರಮಾರ್ಗವನ್ನು ಕಂಡುಹಿಡಿದನು. ಪರೀಕ್ಷೆಯಲ್ಲಿ ಎರಡು ಅಂಕ. ಒಂದು ವರ್ಷ ಸಿರುಗುಪ್ಪದ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ತರಗತಿ ಮುಗಿದ ಮೇಲೆ ಬಂದು, ಅವನು ದಾರಿ ಕಂಡುಹಿಡಿಯುವ ಮೊದಲು ಹಂಪಿಗೆ ಅರಬ್ಬರ ಕುದುರೆಗಳು ಯಾವ ದಾರಿಯಲ್ಲಿ ಬರುತ್ತಿದ್ದವು ಎಂದು ಕೇಳಿದಳು. ಶಾಲೆಯ ಪ್ರವಾಸದಲ್ಲಿ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆ ಹಿಡಿದ ಪರದೇಶಿಯರನ್ನು ಅವಳು ನೋಡಿದ್ದಳಂತೆ. ಸಮುದ್ರದ ದಾರಿಯಲ್ಲೇ ಎಂದು ಹೇಳಿದೆ. ಹಾಗಾದರೆ ಅವನು ಕಂಡುಹಿಡಿದದ್ದು ಏನು ಎಂಬುದು ಅವಳ ಮುಂದಿನ ಪ್ರಶ್ನೆ. ಯುರೋಪಿನಿಂದ ಎಂದು ಏನೋ ತೇಲಿಸಿ ಹೇಳಿ ಸಿಬ್ಬಂದಿ ಕೊಠಡಿಗೆ ನಡೆದೆ. ಮರುವರ್ಷವೂ ಅದೇ ಸಾಲನ್ನೇ ಬರೆಸಿದೆ.

ನಿವೃತ್ತನಾದ ಮೇಲೆ ಆ ಮನುಷ್ಯನ ಜೀವನವನ್ನು ಮೊದಲಿನಿಂದ ಓದಿದೆ. 2024ರ ಡಿಸೆಂಬರಿಗೆ ಅವನು ಸತ್ತು ಐನೂರು ವರ್ಷಗಳಾದವು. ನನ್ನ ಹಳೆಯ ಸಾಲವೊಂದನ್ನು ತೀರಿಸಲು ಇದು ಒಂದು ನೆಪ.

ಪೋರ್ಚುಗಲ್ಲಿನ ನೈಋತ್ಯ ಕರಾವಳಿಯಲ್ಲಿ ಸಿನಿಶ್ ಎಂಬ ಸಣ್ಣ ಬಂದರೂರಿದೆ. 1460ರ ದಶಕದಲ್ಲಿ, ಅಲ್ಲಿನ ಕೋಟೆಯ ಅಧಿಕಾರಿಯಾಗಿದ್ದ ಎಶ್ತೆವಾವ್ ಡ ಗಾಮನ ಮನೆಯಲ್ಲಿ ವಾಸ್ಕೋ ಹುಟ್ಟಿದ. ಮನೆತನ ತೀರ ದೊಡ್ಡದಲ್ಲ, ತೀರ ಸಣ್ಣದೂ ಅಲ್ಲ. ಅರಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಕರೆಯುವುದನ್ನು ಕಾಯುವ ದರ್ಜೆಯದು. ಆ ಕಾಲಕ್ಕೆ ಪೋರ್ಚುಗೀಸರು ಆಫ್ರಿಕದ ಪಶ್ಚಿಮ ತೀರವನ್ನು ಹಿಡಿದು ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಕೆಳಕೆಳಗೆ ಇಳಿಯುತ್ತಿದ್ದರು. 1488ರಲ್ಲಿ ಬಾರ್ತಲೋಮ್ಯು ಡಯಾಸ್ ಆ ಖಂಡದ ತುದಿಯನ್ನು ಸುತ್ತಿ ಹಿಂತಿರುಗಿದ್ದ. ಮುಂದಿನ ಹೆಜ್ಜೆಗೆ ದೊರೆ ಮ್ಯಾನುಯೆಲ್ ಆರಿಸಿದ್ದು ಅನುಭವಿಯಾದ ಡಯಾಸನನ್ನಲ್ಲ, ಗಾಮನನ್ನು. ಬೇಕಾಗಿದ್ದವನು ಕೇವಲ ನಾವಿಕನಲ್ಲ; ಪರದೇಶದ ಅರಸನೆದುರು ನಿಂತು ಮಾತಾಡಬಲ್ಲ, ಅಗತ್ಯ ಬಿದ್ದರೆ ಬಡಿದಾಡಬಲ್ಲ ಕುಲೀನ.

1497ರ ಜುಲೈ 8ರಂದು ಲಿಸ್ಬನ್ನಿನಿಂದ ನಾಲ್ಕು ಹಡಗುಗಳು ಹೊರಟವು. ಸಾವ್ ಗಾಬ್ರಿಯೆಲ್ ವಾಸ್ಕೋನದು, ಸಾವ್ ರಾಫೆಲ್ ಅವನ ಅಣ್ಣ ಪೌಲೋನದು, ಮೂರನೆಯದು ಬೆರಿಯೋ, ನಾಲ್ಕನೆಯದು ದಿನಸಿ ಸಾಮಾನಿನ ಹಡಗು. ಒಟ್ಟು ಜನ ಸುಮಾರು 170. ಆಫ್ರಿಕದ ತೀರಕ್ಕೆ ಅಂಟಿಕೊಂಡು ಹೋಗುವ ಬದಲು ಅಟ್ಲಾಂಟಿಕ್‌ನ ನಡುವಿಗೆ ನುಗ್ಗಿ, ಬಿಲ್ಲಿನಂತೆ ಬಾಗಿ, ಮೂರು ತಿಂಗಳು ನೆಲವನ್ನೇ ಕಾಣದೆ ಅವರು ಸಾಗಿದರು. ಈ ಸಾಹಸವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. 1492ರಲ್ಲಿ ಅಟ್ಲಾಂಟಿಕ್ ದಾಟಿದ ಕೊಲಂಬಸ್ ನೆಲ ಕಾಣದೆ ಕಳೆದದ್ದು ಐದು ವಾರ ಮಾತ್ರ. ಗಾಮನ ವಿಚಾರದಲ್ಲಿ ನಮಗಿರುವ ಸಿಟ್ಟು ಎಷ್ಟೇ ಇರಲಿ, ಅಂದಿನ ಮರದ ಹಡಗುಗಳಲ್ಲಿ ಹುಳು ಹಿಡಿದ ರೊಟ್ಟಿ ತಿಂದು ಆ ನೀರನ್ನು ದಾಟಿದವರ ಧೈರ್ಯಕ್ಕೆ ತಲೆಬಾಗಲೇಬೇಕು.

ನವೆಂಬರಿನಲ್ಲಿ ತುದಿ ದಾಟಿತು. ದಿನಸಿಯ ಹಡಗನ್ನು ಒಡೆದುಹಾಕಿ ಅದರ ಸಾಮಾನನ್ನು ಉಳಿದ ಮೂರಕ್ಕೆ ಹಂಚಿದರು. 1498ರ ಮಾರ್ಚಿನಲ್ಲಿ ಮೊಜಾಂಬಿಕ್ ತಲುಪಿದಾಗ ಅವರ ಕಣ್ಣಿಗೆ ಬಿದ್ದದ್ದು, ಅವರು ಊಹಿಸಿರದಿದ್ದ ಒಂದು ಲೋಕ. ಬಂದರಿನಲ್ಲಿ ಅರಬ್ಬರ ಹಡಗುಗಳಿದ್ದವು. ಅವುಗಳಲ್ಲಿ ಚಿನ್ನ, ಬೆಳ್ಳಿ, ಲವಂಗ, ಮೆಣಸುಗಳಿದ್ದವು. ನಾವಿಕರ ಬಳಿ ದಿಕ್ಸೂಚಿ ಮತ್ತು ನಕಾಶೆಗಳಿದ್ದವು. ಯಾರೂ ಹೋಗದ ಕಡಲೆಂದು ಬಂದವರು ಸಂತೆಯ ಬಾಗಿಲಲ್ಲಿ ನಿಂತಿದ್ದರು. ಮೊಂಬಾಸಾದಲ್ಲಿ ಜಗಳವಾಯಿತು, ಮಾಲಿಂದಿಯಲ್ಲಿ ಮಾತ್ರ ಅರಸ ಸ್ನೇಹ ತೋರಿ, ದಾರಿ ಬಲ್ಲ ಒಬ್ಬ ನಾವಿಕನನ್ನು ಜೊತೆಗೆ ಕೊಟ್ಟ. ಅವನು ಗುಜರಾತಿನ ಮುಸಲ್ಮಾನನೆಂದು ಪೋರ್ಚುಗೀಸ್ ಚರಿತ್ರಕಾರ ಜೊವಾವ್ ಡಿ ಬಾರೊಸ್ ಬರೆದಿದ್ದಾನೆ. ಪ್ರಸಿದ್ಧ ಅರಬ್ ನಾವಿಕ ಇಬ್ನ್ ಮಾಜಿದನೇ ಆತನೆಂಬ ಕಥೆ ಬಹುಕಾಲ ಓಡಾಡಿತು. ವಿದ್ವಾಂಸರು ಅದನ್ನು ಈಗ ಒಪ್ಪುವುದಿಲ್ಲ. ಏಪ್ರಿಲ್ 24ರಂದು ಹೊರಟು, ನೈಋತ್ಯದ ಗಾಳಿಯನ್ನು ಬೆನ್ನಿಗೆ ಹಿಡಿದು, 23 ದಿನಗಳಲ್ಲಿ ಅವನು ಮೂರೂ ಹಡಗುಗಳನ್ನು ಮಲಬಾರಿನ ಬೆಟ್ಟಗಳು ಕಾಣುವಲ್ಲಿಗೆ ಮುಟ್ಟಿಸಿದ. ಮೇ 20ರಂದು ಕೋಯಿಕ್ಕೋಡಿನ ಉತ್ತರಕ್ಕಿರುವ ಕಾಪ್ಪಾಡಿನ ಬಳಿ ಲಂಗರು ಬಿತ್ತು.

ಆ 23 ದಿನಗಳ ದಾರಿಯೇ ನನ್ನ ವಿದ್ಯಾರ್ಥಿನಿ ಕೇಳಿದ ದಾರಿ. ಅದನ್ನು ಬಲ್ಲವನು ಗಾಮನಲ್ಲ. ಇದಕ್ಕೆ ಸುಮಾರು 55 ವರ್ಷಗಳ ಹಿಂದೆ, 1442-43ರಲ್ಲಿ, ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಹೋರ್ಮುಜಿನಿಂದ ಸಮುದ್ರ ದಾಟಿ ಕೋಯಿಕ್ಕೋಡಿಗೆ ಬಂದಿದ್ದ; ಅಲ್ಲಿಂದ ಮಂಗಳೂರು, ಮಂಗಳೂರಿನಿಂದ ಘಟ್ಟ ಹತ್ತಿ ಇಮ್ಮಡಿ ದೇವರಾಯನ ವಿಜಯನಗರ. ಹಿಂತಿರುಗಿದ್ದು ಹೊನ್ನಾವರದಲ್ಲಿ ಹಡಗು ಹತ್ತಿ. ಹೊನ್ನಾವರ, ಭಟ್ಕಳ, ಗೋವೆಗಳಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ನಮ್ಮ ತುಂಗಭದ್ರೆಯ ದಡಕ್ಕೆ ಬರುತ್ತಿದ್ದುದು ಆ ಕಾಲಕ್ಕೆ ದಿನನಿತ್ಯದ ವ್ಯವಹಾರ. ಸಾಳುವ ನರಸಿಂಹ ಕುದುರೆಗಳಿಗಾಗಿ ಎಷ್ಟು ಹಂಬಲಿಸುತ್ತಿದ್ದನೆಂದರೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ್ದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದು ಮುಂದೆ ಹಂಪಿಯಲ್ಲಿದ್ದ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ವ್ಯಾಪಾರಿಗಳು ಎಷ್ಟು ಬಾಲಗಳನ್ನು ಬೇರೆ ಕಡೆಯಿಂದ ಹೊಂದಿಸಿರಬಹುದು ಎಂಬ ತಲೆಹರಟೆ ಪ್ರಶ್ನೆ ನನ್ನದು.

ಕೋಯಿಕ್ಕೋಡಿನಲ್ಲಿ ನಡೆದದ್ದು ಅರ್ಧ ಹಾಸ್ಯ, ಅರ್ಧ ದುರಂತ. ಗಾಮ ಮೊದಲು ದಡಕ್ಕೆ ಇಳಿಸಿದ್ದು ಒಬ್ಬ ಅಪರಾಧಿಯನ್ನು, ಸತ್ತರೂ ನಷ್ಟವಿಲ್ಲದವನು. ಅವನಿಗೆ ಎದುರಾದವರು ಟ್ಯುನಿಸ್‌ನ ಇಬ್ಬರು ಮುಸಲ್ಮಾನರು. ಸ್ಪೇನಿನ ಭಾಷೆಯಲ್ಲೇ ಬೈದು, ಇಲ್ಲಿಗೇಕೆ ಬಂದಿರಿ ಎಂದು ಅವರು ವಿಚಾರಿಸಿದರು. ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿ ಬಂದೆವೆಂದು ಅವನು ಉತ್ತರಿಸಿದ. ಅರಮನೆಗೆ ಹೋಗುವ ದಾರಿಯಲ್ಲಿ ಒಂದು ದೇವಸ್ಥಾನಕ್ಕೆ ಹೊಕ್ಕು ಅದನ್ನು ಇಗರ್ಜಿಯೆಂದೇ ಭಾವಿಸಿ ಗಾಮನೂ ಅವನ ಸಂಗಡಿಗರೂ ಮಂಡಿಯೂರಿದರು. ಗೋಡೆಯ ಮೇಲಿನ ಸಂತರಿಗೆ ನಾಲ್ಕೈದು ಕೈಗಳೂ ಹೊರಚಾಚಿದ ಹಲ್ಲುಗಳೂ ಇದ್ದುದನ್ನು ದಿನಚರಿ ಬರೆದವನು ಗಮನಿಸಿದ್ದಾನೆ, ಅಷ್ಟೇ. ಒಳಗಿನ ದೇವಿಯ ಹೆಸರು ಅವರ ಕಿವಿಗೆ ಮರಿಯಾ ಎಂದು ಕೇಳಿಸಿತು. ಅದು ಮಾರಿಯಮ್ಮ ಇರಬಹುದೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ನಮ್ಮೂರ ಕಡೆಯವರಿಗೆ ಈ ಊಹೆ ಸುಲಭವಾಗಿ ಒಪ್ಪಿಗೆಯಾಗುತ್ತದೆ.

ಸಾಮೂದಿರಿಗೆ ಅವನು ತಂದಿದ್ದ ಕಾಣಿಕೆಯ ಪಟ್ಟಿ ದಿನಚರಿಯಲ್ಲಿದೆ: ಪಟ್ಟೆಯ ಬಟ್ಟೆ 12 ತುಂಡು, ಕೆಂಪು ಕುಲಾವಿ 4, ಟೋಪಿ 6, ಹವಳದ ಸರ 4, ಕೈ ತೊಳೆಯುವ ಬೋಗುಣಿ 6, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಅರಮನೆಯ ಅಧಿಕಾರಿಗಳು ಇದನ್ನು ನೋಡಿ ನಕ್ಕರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ತರುತ್ತಾನೆ, ಅರಸನಿಗೆ ಬೇಕಾಗಿರುವುದು ಚಿನ್ನ ಎಂದರು. ಆ ನಗೆಯನ್ನು ಗಾಮ ಮರೆಯಲಿಲ್ಲವೆಂದು ನನಗನಿಸುತ್ತದೆ. ಮೂರು ತಿಂಗಳು ಸುಂಕದ ವಿಚಾರಕ್ಕೆ ಜಗಳ, ಒತ್ತೆಯಾಳುಗಳು, ಸಂಶಯಗಳಲ್ಲಿ ಕಳೆದವು. ಆಗಸ್ಟ್ 29ರಂದು ಹಿಡಿದಿಟ್ಟ ಕೆಲವು ಸ್ಥಳೀಯರನ್ನು ಹಡಗಿನಲ್ಲೇ ಉಳಿಸಿಕೊಂಡು, ಸ್ವಲ್ಪ ಮೆಣಸು, ದಾಲ್ಚಿನ್ನಿಗಳೊಂದಿಗೆ ಅವನು ಹೊರಟುಬಿಟ್ಟ.

ಅವನು ಕನ್ನಡ ನಾಡಿನ ತೀರಕ್ಕೆ ಬಂದದ್ದು ಈ ಮರುಪ್ರಯಾಣದಲ್ಲಿ. ದಾರಿಯ ಒಂದು ನಡುಗಡ್ಡೆಯಲ್ಲಿ ಸಾಂತಾ ಮರಿಯಾ ಹೆಸರಿನ ಕಲ್ಲುಕಂಬ ನಿಲ್ಲಿಸಿದ. ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಆ ಹೆಸರು ಬಂದದ್ದು ಹೀಗೆಂದು ಹೇಳುವುದುಂಟು. ಅಲ್ಲಿಂದ ಉತ್ತರಕ್ಕೆ ಸಾಗಿ ಸೆಪ್ಟೆಂಬರ್ ಕೊನೆಗೆ ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ನಿಂತ. ಹನ್ನೆರಡು ದಿನ ಹಡಗುಗಳನ್ನು ಒರಗಿಸಿ ತಳ ಕೆರೆಸಿದರು, ಕಲ್ಲು ಕಟ್ಟಿದ ಹೊಂಡದಿಂದ ಸಿಹಿನೀರು ತುಂಬಿಕೊಂಡರು. ಗೋವೆಯನ್ನು ಆಳುತ್ತಿದ್ದ ಮುಸಲ್ಮಾನ ಅಧಿಪತಿಯ ಸೇವೆಯಲ್ಲಿದ್ದ ಯಹೂದಿಯೊಬ್ಬ ಇಟಲಿಯ ಭಾಷೆಯಲ್ಲಿ ಮಾತಾಡುತ್ತ ಬಂದು ಸ್ನೇಹ ನಟಿಸಿದ. ಸಂಶಯ ಬಂದು ಥಳಿಸಿದಾಗ ಬೇಹುಗಾರನೆಂದು ಒಪ್ಪಿಕೊಂಡ. ಅವನನ್ನು ಲಿಸ್ಬನ್ನಿಗೆ ಒಯ್ದು ಕ್ರೈಸ್ತನನ್ನಾಗಿಸಿ ಗ್ಯಾಸ್ಪರ್ ಡ ಗಾಮ ಎಂದು ಹೆಸರಿಟ್ಟರು. ಅದೇ ಅಂಜುದೀವ್ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಳ್ಳುವಾಗ ನಮ್ಮ ನೌಕಾಪಡೆಯ ಏಳು ಮಂದಿ ಪ್ರಾಣ ತೆತ್ತರು.

ಅಕ್ಟೋಬರ್ 5ರಂದು ಗಾಮ ಅಂಜುದೀವ್ ಬಿಟ್ಟ. ಅವಸರಕ್ಕೆ ಬೆಲೆ ತೆರಬೇಕಾಯಿತು. ನೈಋತ್ಯದ ಗಾಳಿ ಅಡಗಿತ್ತು, ಈಶಾನ್ಯದ ಗಾಳಿ ಇನ್ನೂ ಎದ್ದಿರಲಿಲ್ಲ. ಹಿಂಗಾರಿನ ಮೋಡಕ್ಕಾಗಿ ಮುಗಿಲು ನೋಡುವ ಬಳ್ಳಾರಿಯ ರೈತನೂ ಅರಬ್ಬೀ ಕಡಲಿನ ಹಡಗಿನ ಮಾಲೀಕನೂ ಕಾಯುವುದು ಒಂದೇ ಗಾಳಿಯ ತಿರುವನ್ನು. ಇನ್ನೊಂದೆರಡು ತಿಂಗಳು ಕಾಯಬೇಕೆಂಬುದು ಮಲಬಾರಿನ ಅಂಬಿಗರಿಗೆಲ್ಲ ಗೊತ್ತಿದ್ದ ವಿಷಯ. ಈ ಬಾರಿ ಆ ಗುಜರಾತಿಯ ಮಾರ್ಗದರ್ಶನವಿರಲಿಲ್ಲ. ಬರುವಾಗ 23 ದಿನ ಹಿಡಿದ ದಾರಿಗೆ ಹೋಗುವಾಗ ಸುಮಾರು ಮೂರು ತಿಂಗಳು ಹಿಡಿಯಿತು. ವಸಡು ಬಾತು ಹಲ್ಲು ಮುಚ್ಚಿಹೋಗುವ, ಹಣ್ಣು ತರಕಾರಿಯಿಲ್ಲದೆ ಬರುವ ಸ್ಕರ್ವಿ ರೋಗಕ್ಕೆ 30 ಮಂದಿ ಬಲಿಯಾದರು. ಪ್ರತಿ ಹಡಗಿನಲ್ಲೂ ಎದ್ದು ನಿಲ್ಲಬಲ್ಲವರು ಏಳೆಂಟು ಜನ ಮಾತ್ರ ಉಳಿದರು. ನಡೆಸಲು ಆಳಿಲ್ಲದೆ ಸಾವ್ ರಾಫೆಲ್ ಹಡಗನ್ನು ಆಫ್ರಿಕದ ತೀರದಲ್ಲಿ ಸುಟ್ಟುಹಾಕಿದರು. ಪೌಲೋ ಕಾಯಿಲೆ ಬಿದ್ದ. ವಾಸ್ಕೋ ತನ್ನ ಕೀರ್ತಿಯನ್ನು ಬದಿಗಿಟ್ಟು ಅಣ್ಣನ ಜೊತೆ ಅಜೋರ್ಸ್ ದ್ವೀಪದಲ್ಲಿ ಉಳಿದ. ಸುದ್ದಿಯನ್ನು ಮೊದಲು ಲಿಸ್ಬನ್ನಿಗೆ ಮುಟ್ಟಿಸಿದ್ದು ಬೆರಿಯೋ, 1499ರ ಜುಲೈ 10ರಂದು. ಅಣ್ಣನನ್ನು ಅಲ್ಲೇ ಮಣ್ಣುಮಾಡಿ ವಾಸ್ಕೋ ಆಮೇಲೆ ಬಂದ. ಹೊರಟವರಲ್ಲಿ ಮರಳಿದ್ದು ಮೂರರಲ್ಲಿ ಒಂದು ಪಾಲು. ಇಡೀ ಬದುಕಿನಲ್ಲಿ ಅವನ ಬಗ್ಗೆ ನನಗೆ ಮರುಕ ಹುಟ್ಟುವುದು ಈ ಕೆಲವು ವಾರಗಳಲ್ಲಿ.

ದೊರೆ ಬಿರುದು ಕೊಟ್ಟ, ವರ್ಷಾಶನ ಕೊಟ್ಟ, ಹಿಂದೂಮಹಾಸಾಗರದ ನೌಕಾಧಿಪತಿಯೆಂದು ಕರೆದ. ನನ್ನ ಟಿಪ್ಪಣಿ ಇಲ್ಲಿಗೆ ಮುಗಿಯುತ್ತಿತ್ತು. ಅಸಲು ಕಥೆ ಇದ್ದದ್ದು ಎರಡನೆಯ ಯಾನದಲ್ಲಿ.

ನಡುವೆ 1500ರಲ್ಲಿ ಬಂದ ಕಬ್ರಾಲನ ಜನ ಕೋಯಿಕ್ಕೋಡಿನ ಗಲಭೆಯಲ್ಲಿ ಸತ್ತಿದ್ದರು, ಅವನು ಊರಿನ ಮೇಲೆ ಫಿರಂಗಿ ಹಾರಿಸಿದ್ದ. 1502ರಲ್ಲಿ ಗಾಮ ಹೊರಟಾಗ ಅವನ ಬಳಿ ಒಟ್ಟು 20 ಹಡಗುಗಳಿದ್ದವು. ಈ ಬಾರಿ ಬೋಗುಣಿಗಳನ್ನು ತಂದಿರಲಿಲ್ಲ. ಅವನು ಮತ್ತೆ ಅಂಜುದೀವ್‌ಗೇ ಬಂದ. ಕೆಲವು ದಶಕಗಳ ಅನಂತರ ಬರೆದ ಗ್ಯಾಸ್ಪರ್ ಕೊರ್ರೆಯಾನ ಪ್ರಕಾರ, ಹೊನ್ನಾವರದ ನದಿಯಲ್ಲಿ ತಿಮ್ಮೋಜನ ದೋಣಿಗಳನ್ನು ಸುಡಲಾಯಿತು. ವಿಜಯನಗರದ ಅಧೀನದಲ್ಲಿದ್ದ ಭಟ್ಕಳದ ಅರಸ ಪ್ರತಿವರ್ಷ ಅಕ್ಕಿಯ ಕಪ್ಪ ಕೊಡಲು, ಮೆಣಸಿನ ವ್ಯಾಪಾರ ಬಿಡಲು, ಕೋಯಿಕ್ಕೋಡಿನೊಂದಿಗೆ ವ್ಯವಹರಿಸದಿರಲು ಒಪ್ಪಬೇಕಾಯಿತು. ಕೊರ್ರೆಯಾ ಎಲ್ಲ ಕಡೆಯೂ ನಂಬತಕ್ಕವನಲ್ಲವೆಂದು ಪಂಡಿತರು ಎಚ್ಚರಿಸುತ್ತಾರೆ. ಆದರೂ ಆ ಷರತ್ತುಗಳನ್ನು ಓದಿದಾಗ ನನಗೆ ಅರ್ಥವಾದದ್ದು, ಗಾಮ ಇಲ್ಲಿಗೆ ತಂದ ಹೊಸ ವಸ್ತು ಯಾವುದು ಎಂಬುದು. ನಮ್ಮ ಕಡಲಿಗೆ ಒಡೆಯರಿರಲಿಲ್ಲ. ಬಂದರಿನಲ್ಲಿ ಸುಂಕವಿತ್ತು, ದಾರಿಯಲ್ಲಿ ಕಡಲ್ಗಳ್ಳರಿದ್ದರು. ಆದರೆ ನೀರು ನನ್ನದು, ನನ್ನ ಚೀಟಿಯಿಲ್ಲದೆ ಯಾರೂ ತೇಲಬಾರದು ಎಂದು ಹೇಳಿದ ಅರಸ ಇಲ್ಲಿ ಯಾರೂ ಇರಲಿಲ್ಲ. ಕಾರ್ತಾಜ್ ಎಂಬ ರಹದಾರಿ ಚೀಟಿಯ ಪದ್ಧತಿ ಹುಟ್ಟಿದ್ದು ಈ ವರ್ಷಗಳಲ್ಲಿ. ಚೀಟಿಯಿಲ್ಲದ ಹಡಗನ್ನು ಹಿಡಿಯಬಹುದು, ಮುಳುಗಿಸಬಹುದು. ಸಾವಿರಾರು ವರ್ಷಗಳಿಂದ ತೆರೆದೇ ಇದ್ದ ದಾರಿಗೆ ಅವನು ಗೇಟು ಹಾಕಿದ.

ಆ ಗೇಟಿನ ಮೊದಲ ಬಲಿ ಮಿರಿ ಎಂಬ ಹಡಗು. ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗು ಅದು. ಗಂಡಸರು ಇನ್ನೂರಕ್ಕೂ ಹೆಚ್ಚು, ಜೊತೆಗೆ ಹೆಂಗಸರು, ಮಕ್ಕಳು. 1502ರ ಸೆಪ್ಟೆಂಬರ್ ಕೊನೆಯಲ್ಲಿ ಕಣ್ಣೂರಿನ ಹತ್ತಿರದ ಕಡಲಿನಲ್ಲಿ ಸಿಕ್ಕಿತು. ಅದರಲ್ಲಿದ್ದ ಶ್ರೀಮಂತರು ಒತ್ತೆಹಣ ಕೊಡುತ್ತೇವೆಂದರು, ಹಡಗುಗಳ ತುಂಬ ಮೆಣಸು ತುಂಬಿಸಿಕೊಡುತ್ತೇವೆಂದರು. ಗಾಮ ಒಪ್ಪಲಿಲ್ಲ. ಸರಕನ್ನು ಇಳಿಸಿಕೊಂಡು ಹಡಗಿಗೆ ಬೆಂಕಿ ಹಚ್ಚಿಸಿದ. ಒಳಗಿದ್ದವರು ಬೆಂಕಿ ಆರಿಸಿ ಬರಿಗೈಯಲ್ಲಿ, ಕಲ್ಲುಗಳಿಂದ ಹೋರಾಡಿದರು. ಹೆಂಗಸರು ಮೈಮೇಲಿನ ಒಡವೆಗಳನ್ನು ಎತ್ತಿ ತೋರಿಸಿ, ಕೂಸುಗಳನ್ನು ಎತ್ತಿ ಹಿಡಿದು ಬೇಡಿಕೊಂಡರು. ಗಾಮ ತನ್ನ ಹಡಗಿನ ಕಿಂಡಿಯಿಂದ ಇದನ್ನೆಲ್ಲ ನೋಡುತ್ತಿದ್ದ. ಕೊನೆಗೆ ಹಡಗು ಉರಿದುಹೋಯಿತು. ಕೆಲವು ಮಕ್ಕಳನ್ನು ಮಾತ್ರ ಕ್ರೈಸ್ತರನ್ನಾಗಿಸಲು ಉಳಿಸಿಕೊಂಡರು. ಇದನ್ನು ಬರೆದಿಟ್ಟವನು ಶತ್ರುವಲ್ಲ, ಅದೇ ನೌಕಾಪಡೆಯಲ್ಲಿದ್ದ ಟೋಮೆ ಲೋಪೆಸ್. ಆ ದಿನವನ್ನು ಬದುಕಿರುವವರೆಗೂ ಮರೆಯಲಾರೆನೆಂದು ಅವನು ಹೇಳಿಕೊಂಡಿದ್ದಾನೆ. ಮುಂದೆ ಕೋಯಿಕ್ಕೋಡಿನ ಎದುರು 30ಕ್ಕೂ ಹೆಚ್ಚು ಮಂದಿ ಬಡ ಬೆಸ್ತರನ್ನು ಹಡಗಿನ ಕಂಬಗಳಿಗೆ ನೇಣು ಹಾಕಿ, ಕೈಕಾಲು ಕತ್ತರಿಸಿ ದೋಣಿಯಲ್ಲಿ ತುಂಬಿ ದಡಕ್ಕೆ ತಳ್ಳಲಾಯಿತು. ಊರಿನ ಮೇಲೆ ಫಿರಂಗಿಗಳು ಹಾರಿದವು. ಅಂದಿನ ಯುದ್ಧಗಳೆಲ್ಲ ಹೀಗೇ ಇದ್ದವು ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ನಮ್ಮ ಅರಸರ ಕೈಗಳೂ ಶುದ್ಧವಾಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಲೋಪೆಸ್‌ಗೆ ಅದು ಮಾಮೂಲಿಯೆಂದು ಕಾಣಲಿಲ್ಲವಲ್ಲ? ಅವನೂ ಅದೇ ಕಾಲದವನು.

1503ರಲ್ಲಿ ಊರಿಗೆ ಮರಳಿದ ಗಾಮ ಮುಂದಿನ ಇಪ್ಪತ್ತು ವರ್ಷ ಭಾರತದ ಕಡೆ ಬರಲಿಲ್ಲ. ಈ ಕಾಲವನ್ನು ಅವನು ಹೆಚ್ಚಾಗಿ ಮುನಿಸಿನಲ್ಲೇ ಕಳೆದ. ಹುಟ್ಟೂರು ಸಿನಿಶ್ ತನ್ನದಾಗಬೇಕೆಂದು ಹಟ ಹಿಡಿದ. ಅದು ಒಂದು ಧಾರ್ಮಿಕ ಸೈನಿಕ ಸಂಘಟನೆಯ ಸ್ವತ್ತಾದ್ದರಿಂದ 1507ರಲ್ಲಿ ದೊರೆಯೇ ಅವನನ್ನು ಆ ಊರು ಬಿಡಿಸಿದ. ದೇಶವನ್ನೇ ಬಿಟ್ಟುಹೋಗುತ್ತೇನೆಂದು ಬೆದರಿಸಿದ ಮೇಲೆ, 1519ರಲ್ಲಿ ವಿಡಿಗೈರಾದ ಕೌಂಟ್ ಎಂಬ ಪದವಿ ಸಿಕ್ಕಿತು. ಸಮುದ್ರಕ್ಕೇ ಬೇಲಿ ಹಾಕಿದವನಿಗೆ ಹುಟ್ಟೂರಿನ ಸ್ವಲ್ಪ ನೆಲ ದಕ್ಕಲಿಲ್ಲ.

ಅವನು ಮನೆಯಲ್ಲಿದ್ದ ಆ ಇಪ್ಪತ್ತು ವರ್ಷಗಳಲ್ಲೇ ಅವನ ಕೆಲಸದ ಪರಿಣಾಮ ಘಟ್ಟ ಹತ್ತಿ ನಮ್ಮ ಸೀಮೆಗೆ ಬಂತು. 1510ರಲ್ಲಿ ಆಲ್ಬುಕರ್ಕ್ ಗೋವೆಯನ್ನು ಹಿಡಿದ. ಅದಕ್ಕೆ ನೆರವಾದವನು ಹೊನ್ನಾವರದ ಅದೇ ತಿಮ್ಮೋಜ ಎಂಬುದನ್ನು ನಾವು ಮುಚ್ಚಿಡಬಾರದು. ಕುದುರೆಗಳೆಲ್ಲ ಗೋವೆಯಲ್ಲೇ ಇಳಿಯಬೇಕೆಂಬ ಕಟ್ಟಳೆ ಬಂತು. ಕುದುರೆ ಯಾರಿಗೆ ಸಿಗಬೇಕು, ವಿಜಯನಗರಕ್ಕೋ ವಿಜಾಪುರಕ್ಕೋ ಎಂಬುದು ಪೋರ್ಚುಗೀಸರ ಕೈಯ ದಾಳವಾಯಿತು. ಕೃಷ್ಣದೇವರಾಯ ಅವರೊಂದಿಗೆ ಸ್ನೇಹದಿಂದಿದ್ದ. ಹೊಸಪೇಟೆಯ ಬಳಿ ಅವನು ಕಟ್ಟಿಸಿದ ಕೆರೆಯ ಕೆಲಸಕ್ಕೆ ಜೊವಾವ್ ಡೆ ಲಾ ಪೊಂಟೆ ಎಂಬ ಪೋರ್ಚುಗೀಸ್ ಕಲ್ಲುಕೆಲಸದವನು ಬಂದಿದ್ದ. 1520ರ ಸುಮಾರಿಗೆ ಡೊಮಿಂಗೊ ಪಾಯೆಸ್ ಹಂಪಿಯನ್ನು ಕಂಡು ಬರೆದ. 2021ರಲ್ಲಿ ವಿಜಯನಗರ ಜಿಲ್ಲೆಯಾಗುವವರೆಗೆ ಹಂಪಿ, ಹೊಸಪೇಟೆಗಳು ನಮ್ಮ ಬಳ್ಳಾರಿ ಜಿಲ್ಲೆಯವೇ. ನಮ್ಮ ವೈಭವದ ಕಥೆಯನ್ನು ನಾವು ಹೆಚ್ಚಾಗಿ ತಿಳಿದಿರುವುದು, ಗಾಮನ ಹಿಂದೆ ಬಂದವರ ಬರಹದಿಂದ. ಇತಿಹಾಸದ ಮೇಷ್ಟ್ರಿಗೆ ಇದು ಕಸಿವಿಸಿಯ ಸಂಗತಿ.

ಇನ್ನೊಂದು ಸಂಗತಿ ಇನ್ನೂ ಹತ್ತಿರದ್ದು. ನಮ್ಮ ಕುರುಗೋಡಿನ ದೊಡ್ಡಬಸವೇಶ್ವರನ ಗುಡಿಯಿಂದ ಸಿರುಗುಪ್ಪದ ಕಡೆ ಚಳಿಗಾಲದ ಕೊನೆಯಲ್ಲಿ ಹೊರಟರೆ, ಕಾಲುವೆ ನೀರಿನ ಹೊಲಗಳಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು ರಾಶಿಗಳು ಕಾಣುತ್ತವೆ. ಘಾಟಿಗೆ ಬಸ್ಸಿನಲ್ಲಿ ಕೂತವರೂ ಸೀನುತ್ತಾರೆ. ಭತ್ತದ ನಾಡೆಂದು ಹೆಸರಾದ ಸಿರುಗುಪ್ಪಕ್ಕೆ ವಿಜಯನಗರದ ಕಾಲದಲ್ಲೇ ತುಂಗಭದ್ರೆಯ ಕಾಲುವೆಯಿತ್ತು. ಆದರೆ ಆ ಕಾಲುವೆ ತೋಡಿದವರು ಮೆಣಸಿನಕಾಯಿಯನ್ನು ಕಂಡಿರಲಿಲ್ಲ. ಅದು ಅಮೆರಿಕ ಖಂಡದ ಬೆಳೆ. ಗಾಮ ತೆರೆದ ಹಡಗುದಾರಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ಗಾಮ ಹುಡುಕಿ ಬಂದದ್ದು ಮಲಬಾರಿನ ಮೆಣಸನ್ನು. ಅವನ ಹಿಂದೆ ಬಂದ ಈ ಕಾಯಿ ಮೆಣಸಿನ ಹೆಸರನ್ನೇ ಕಿತ್ತುಕೊಂಡು, ಹಳೆಯದನ್ನು ಕರಿಮೆಣಸು, ಕಾಳುಮೆಣಸು ಎಂದು ಕರೆಯುವಂತೆ ಮಾಡಿತು. ನಮ್ಮ ಸೀಮೆಯ ರೈತರು ಚೀಲಗಳನ್ನು ಲಾರಿಗೆ ಹೇರಿ ದೂರದ ಬ್ಯಾಡಗಿಗೆ ಒಯ್ಯುತ್ತ ಬಂದಿದ್ದಾರೆ, ಬಳ್ಳಾರಿಯಲ್ಲೇ ಮಾರುಕಟ್ಟೆ ಬೇಕೆಂದು ಕೇಳುತ್ತಲೂ ಬಂದಿದ್ದಾರೆ. ಅಲ್ಲಿಯ ಧಾರಣೆ ಕುಸಿದ ವರ್ಷ ಸಿರುಗುಪ್ಪದ ಮನೆಗಳಲ್ಲಿ ಮಕ್ಕಳ ಕಾಲೇಜಿನ ಶುಲ್ಕಕ್ಕೆ ಸಾಲ ಹುಟ್ಟುತ್ತದೆ. ಪ್ರಶ್ನೆ ಕೇಳಿದ ಆ ಹುಡುಗಿಯ ಶುಲ್ಕ ಬಂದದ್ದೂ ಮೆಣಸಿನಕಾಯಿಯಿಂದಲೇ.

ಗಾಮನ ಕೊನೆಯ ಯಾನ 1524ರದು. ಗೋವೆಯ ಆಡಳಿತ ಲಂಚದಿಂದ ಕೆಟ್ಟುಹೋಗಿತ್ತು. ಹೊಸ ದೊರೆ ಮೂರನೆಯ ಜೊವಾವ್ ಅರವತ್ತರ ಆಸುಪಾಸಿನ ಮುದುಕನನ್ನು ವೈಸ್‌ರಾಯ್ ಮಾಡಿ 14 ಹಡಗುಗಳೊಂದಿಗೆ ಕಳುಹಿಸಿದ. ಸೆಪ್ಟೆಂಬರಿನಲ್ಲಿ ಗೋವೆ ತಲುಪಿದ ಅವನು ಅಧಿಕಾರಿಗಳನ್ನು ತೆಗೆದ, ಲೆಕ್ಕ ಕೇಳಿದ, ದುಂದನ್ನು ನಿಲ್ಲಿಸಿದ. ಹಡಗಿನಲ್ಲಿ ಹೆಂಗಸರು ಬರಬಾರದೆಂಬ ಆಜ್ಞೆ ಮೀರಿ ಕದ್ದು ಬಂದಿದ್ದ ಮೂವರು ಸ್ತ್ರೀಯರಿಗೆ, ಯಾರು ಬೇಡಿಕೊಂಡರೂ ಕೇಳದೆ, ಬೀದಿಯಲ್ಲಿ ಛಡಿಯೇಟು ಹಾಕಿಸಿದ. ಮೂರು ತಿಂಗಳೊಳಗೆ ಕೊಚ್ಚಿಯಲ್ಲಿ ಹಾಸಿಗೆ ಹಿಡಿದ. ಸಾಯುವ ಮುನ್ನ ಆ ಮೂವರಿಗೂ ಗುಟ್ಟಾಗಿ ಹಣ ಕೊಡಲು, ಅವರು ಮದುವೆಯಾಗಿ ನೆಲೆ ನಿಲ್ಲಲು ಏರ್ಪಾಡು ಮಾಡಿದನೆಂದು ಕೊರ್ರೆಯಾ ಹೇಳುತ್ತಾನೆ. ನಿಜವಾಗಿದ್ದರೆ, ಈ ನೆಲದಲ್ಲಿ ಅವನು ಪಶ್ಚಾತ್ತಾಪ ತೋರಿದ ಒಂದೇ ಪ್ರಸಂಗ ಅದು. ತೋರಿದ್ದು ಪೋರ್ಚುಗೀಸ್ ಹೆಂಗಸರಿಗೆ. 1524ರ ಡಿಸೆಂಬರ್ 24ರಂದು, ಕ್ರಿಸ್‌ಮಸ್‌ನ ಹಿಂದಿನ ದಿನ, ಅವನು ತೀರಿಕೊಂಡ.

1998ರಲ್ಲಿ ಅವನು ಬಂದ ಐನೂರನೆಯ ವರ್ಷವನ್ನು ಆಚರಿಸಬೇಕೆಂದು ಪೋರ್ಚುಗಲ್ ಉತ್ಸಾಹ ತೋರಿದಾಗ ಕೇರಳ, ಗೋವೆಗಳಲ್ಲಿ ಪ್ರತಿಭಟನೆಗಳಾದವು. ಬಳ್ಳಾರಿಯಲ್ಲಿ ಏನೂ ಆಗಲಿಲ್ಲ. ನಾನು ಆ ಜುಲೈನಲ್ಲೂ ಅದೇ ಟಿಪ್ಪಣಿ ಬರೆಸಿದೆ.

ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ ಅವನನ್ನು ಹೂಳಿದ ಜಾಗವಿದೆ. ನಿವೃತ್ತಿಯ ಮರುವರ್ಷ ಹೋಗಿ ನೋಡಿದೆ. ನೆಲದ ಕಲ್ಲಿನ ಸುತ್ತ ಕಟಕಟೆ ಹಾಕಿದ್ದಾರೆ. ಒಳಗೆ ಏನೂ ಇಲ್ಲ. ಎಲುಬುಗಳನ್ನು 1530ರ ದಶಕದ ಕೊನೆಯಲ್ಲಿ ವಿಡಿಗೈರಾಕ್ಕೆ ಒಯ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಲಿಸ್ಬನ್ನಿನ ಬೆಲೆಂನಲ್ಲಿ, ಅವನು ಹಡಗು ಹತ್ತಿದ ತೀರದ ಹತ್ತಿರದ ಮಠದಲ್ಲಿ, ಸಮಾಧಿ ಕಟ್ಟಿದರು. ಹೊರಗೆ ಬೀದಿಯಲ್ಲಿ ಕರಿಮೆಣಸು ಮಾರುತ್ತಿದ್ದರು. ಕಾಲು ಕಿಲೋ ಕೊಂಡು ತಂದೆ. ಸಿರುಗುಪ್ಪದ ಆ ವಿದ್ಯಾರ್ಥಿನಿ ಈಗ ತಾನೇ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಈ ಬರಹದ ಪ್ರತಿಯೊಂದನ್ನು ಅವಳಿಗೆ ಕಳುಹಿಸಬೇಕು.